ಹೂವು ಎಡಕ್ಕ ಬಿತ್ತು, ರೇಷ್ಮಾ ಜಿಗಿದಳು

ಬೀಳಗಿಯಿಂದ ಮುಧೋಳದ ಮೇಲೆ ಹಾಯ್ದು ಜಮಖಂಡಿಗೆ ಹೋಗುವ ಬಸ್ಸಿನೊಳಗೆ ಮಾತಿಗೇನು ಬರ ಇಲ್ಲ. ಟಿಕೆಟ್ ಹರಿಯುವ ರೇಷ್ಮಾ ಎಲ್ಲರ ಮಾತೂ ಕೇಳಿಸಿಕೊಳ್ಳುತ್ತಿದ್ದಳು, ತನ್ನದನ್ನು ಮಾತ್ರ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತಿದ್ದಳು. ಅದೂ ಒಮ್ಮೆ ಡ್ರೈವರ್ ಶಶಿಕಾಂತನ ಮುಂದೆ ಬಾಯಿಗೆ ಬಂತು. ಅಷ್ಟೇ. ಮರುದಿನ ಮುಧೋಳ ಸ್ಟ್ಯಾಂಡಿನ ಚಹಾದವನಿಗೂ ಗೊತ್ತಾಗಿತ್ತು: ಅನಗವಾಡಿಯ ಕಂಡಕ್ಟರ್ ಬಾಯಿ ವಿಮಾನದಿಂದ ಜಿಗಿಯುತ್ತಾಳಂತ.

"ಏನವಾ, ಖರೇನ?" ಅಂದಳು ಕಾಶೀಬಾಯಿ. ಜಮಖಂಡಿಯ ಮುದುಕಿ, ಮಗಳ ಮನೆಗೆ ಹೋಗಿ ಬರುವವಳು. ಬಾಗಿಲ ಹಿಂದಿನ ಸೀಟು ತನ್ನ ಹೆಸರಿಗೇ ಬರೆದಿದೆ ಅನ್ನುವ ಹಾಗೆ ಕೂಡುತ್ತಿದ್ದಳು. "ಇಳಿಯಾಕ ಬಸ್ಸು ಸಾಲದಾತೇನು ನಿನಗ?"

"ಬಸ್ಸಿನಿಂದ ದಿನಾ ಇಳೀತೀನಲ್ರಿ ಬಾಯಿ. ಬ್ಯಾಸರಾಗೈತಿ."

"ಅದೇನಂತ ಬಿಡಿಸಿ ಹೇಳು."

ರೇಷ್ಮಾ ಹೇಳಿದಳು. ಮೈಸೂರು ಕಡೆ ಸಣ್ಣ ವಿಮಾನದಾಗ ಕುಂದರಿಸಿಕೊಂಡು ಮೋಡದ ಮಟಕ್ಕ ಒಯ್ತಾರ, ಬಾಗಲಾ ತೆಗೀತಾರ. ಕಲಿತಾವ ಒಬ್ಬ ನಮ್ಮ ಬೆನ್ನಿಗೆ ಪಟ್ಟಾ ಬಿಗಕೊಂಡಿರ್ತಾನ, ಇಬ್ಬರೂ ಕೂಡಿ ಜಿಗಿಯೂದು. ಒಂದೀಟು ಹೊತ್ತು ಕಲ್ಲಿನಂಗ ಬೀಳೂದು. ಆಮ್ಯಾಲೆ ಪ್ಯಾರಾಶೂಟ್ ಬಿಚ್ಚತೈತಿ.

"ಬಿಚ್ಚಲಿಲ್ಲಂದ್ರ?"

"ಇನ್ನೊಂದಿರ್ತೈತ್ರಿ."

"ಅದೂ ಬಿಚ್ಚಲಿಲ್ಲಂದ್ರ?"

"ಮುಂದಿನ ವಾರ ನೀವು ಬ್ಯಾರೆ ಕಂಡಕ್ಟರ್ ಕಡೆ ಟಿಕೆಟ್ ತಗೋರಿ."

ಬಸ್ಸೆಲ್ಲ ನಕ್ಕಿತು. ಬಾಗಿಲಲ್ಲಿ ಜೋತು ನಿಂತಿದ್ದ ಗಂಡಸೊಬ್ಬ, "ಎದಿ ಐತಿ ಬಾಯಿಗೆ, ತಲಿ ಇಲ್ಲ" ಅಂದ.

"ತಲಿ ಇದ್ದಾವ್ರು ಒಳಗ ಬರ್ರಿ ಅಣ್ಣಾರ. ಒಂಟಿಗಾಲಾಗ ಹೊರಗ ಜೋತಾಡಾಕತ್ತೀರಿ, ನಿಮ್ಮ ಪ್ಯಾರಾಶೂಟ್ ಎಲ್ಲೈತಿ?"

ಅವನು ಒಳಗೆ ಬಂದ. ಆದರೆ ಎಲ್ಲರಿಗೂ ಹಿಂಗೆ ಒಂದು ಮಾತಿನಲ್ಲಿ ಬಾಯಿ ಮುಚ್ಚಿಸಲಿಕ್ಕೆ ಆಗುವುದಿಲ್ಲ, ನೋಡ್ರಿ. ಮನೆಯಲ್ಲಿ ಗಂಡ ಹಾಲೇಶ ಇದ್ದ.

ಈ ಸುದ್ದಿ ಹುಟ್ಟಿದ್ದು ಗೆಳತಿ ರಸಿಕಾನಿಂದ. ಕಾಲೇಜಿನಾಗ ಇಬ್ಬರೂ ಒಂದೇ ಕಬಡ್ಡಿ ತಂಡದವರು. ರಸಿಕಾ ಈಗ ಆ ಜಿಗಿಯುವ ಜಾಗದ ಆಫೀಸಿನಲ್ಲಿ ನೌಕರಿಗಿದ್ದಾಳೆ. ಅಲ್ಲಿನ ನೌಕರರು ತಮ್ಮವರೊಬ್ಬರನ್ನು ಕರೆತಂದು ಜಿಗಿಸಬಹುದಂತೆ. "ಬರ್ತೀಯೇನಲೇ?" ಅಂತ ಫೋನಿನಲ್ಲಿ ಕೇಳಿದಳು. ರೇಷ್ಮಾ ಯಾರನ್ನೂ ಕೇಳದೆ "ಬರ್ತೀನಿ" ಅಂದುಬಿಟ್ಟಳು. ಯಾಕೆ ಅಂದಳೋ ಅವಳಿಗೂ ಗೊತ್ತಿಲ್ಲ. ಮನಸ್ಸಾತು, ಅಷ್ಟೇ.

"ಚಹಾದವಗ ಗೊತ್ತು, ಗಂಡಗ ಗೊತ್ತಿಲ್ಲ!" ಹಾಲೇಶ ಅಂಗಳದಲ್ಲೇ ಹಿಡಿದ. "ನಿನಗೇನರ ಆದ್ರ ಕೂಸಿಗೆ ಯಾರು?"

"ನಿನಗಾದ್ರ ಯಾರು?"

"ನನಗ್ಯಾಕ ಆಕ್ಕೈತಿ?"

ಹಾಲೇಶ ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಹಿಂದೆ ಎರಡು ಟ್ರಾಲಿ, ಅವುಗಳಿಗೆ ಬ್ರೇಕ್ ಇಲ್ಲ, ಮೇಲೆ ಮನೆಯೆತ್ತರ ಕಬ್ಬು. ಇಳುಕಲಿನಲ್ಲಿ ಟ್ರಾಲಿ ದಬ್ಬಿತೆಂದರೆ ಟ್ರ್ಯಾಕ್ಟರು ತುಳಿದ ಬೆಂಕಿಪೊಟ್ಟಣ. ರೇಷ್ಮಾ ಅದನ್ನೇ ಅಂದಳು.

"ಅದು ದುಡಿಮಿ" ಅಂದ ಹಾಲೇಶ. "ನಿಂದು ಸೊಕ್ಕು. ಹೋಗೂದಾದ್ರ ಹೋಗು. ಮಗಳನ್ನ ತೇರದಾಳಕ್ಕ ನಮ್ಮವ್ವನ ಕಡೆ ಒಯ್ತೀನಿ. ಮತ್ತ ಆಕಿನ್ನ ಕರಿಯಾಕ ಬರಬ್ಯಾಡ."

ಮಾತು ಸಂಸಾರ ಹರಿಯುವ ತನಕ ಹೋಯಿತು. ಆಗ ರೇಷ್ಮಾನ ತಾಯಿ ಮಾಯವ್ವ ಪಕ್ಕದ ಮನೆಯಿಂದ ಎದ್ದು ಬಂದಳು. "ಯಾಕ ಒದರಾಡ್ತೀರಿ? ಬೀರಪ್ಪನ ಗುಡ್ಯಾಗ ಹೂವು ಕೇಳೂನು. ಅಂವ ಹೂಂ ಅಂದ್ರ ಹೋಗ್ಲಿ, ಬ್ಯಾಡಂದ್ರ ಬಿಡ್ಲಿ."

ಅವ್ವ ಅಂದಳಲ್ಲ ಅಂತ ರೇಷ್ಮಾ ತಲೆಯಾಡಿಸಿದಳು. ಹಾಲುಮತದ ಕುರುಬರಿಗೆ ಇದರ ತೂಕ ಗೊತ್ತು. ಕೇಳದೇ ಇದ್ದರೆ ನಿನ್ನ ದಾರಿ ನಿನ್ನದು. ಕೇಳಿದ ಮೇಲೆ ಅವನು ಅಂದಂತೆ ನಡೆಯಬೇಕು.

ಸೋಮವಾರ ಗುಡಿಗೆ ಹೋದರು. ಪೂಜಾರಿ ಗುರುಪಾದ ಎರಡು ಬಿಳೀ ಸೇವಂತಿಗೆ ನೀರಿನಲ್ಲಿ ಅದ್ದಿ ಬೀರಪ್ಪನ ಎಡಭುಜಕ್ಕೊಂದು, ಬಲಭುಜಕ್ಕೊಂದು ಹಚ್ಚಿದ. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬ್ಯಾಡ. ಭಂಡಾರದ ಅರಿಶಿನ ತೂರಿ, "ಅಪ್ಪಾ, ಈ ಹೆಣ್ಣಮಗಳು ಮುಗಿಲಿಂದ ಜಿಗೀಬೇಕಂತಾಳ, ಒಳ್ಳೇದಾಗ್ತೈತೋ ಇಲ್ಲೋ ಹೇಳಪಾ" ಅಂದ. ಕೂತವರು ಉಸಿರು ಹಿಡಿದರು. ಹೂವಿನ ತುದಿಯಿಂದ ನೀರು ಇಳಿಯಿತು. ಎಡದ್ದು ಬಿತ್ತು.

ಹಾಲೇಶ ಹಿಡಿದಿಟ್ಟ ಉಸಿರು ಬಿಟ್ಟದ್ದು ಹೊಸ್ತಿಲ ತನಕ ಕೇಳಿಸಿತು. "ಮುಗೀತಲ್ಲ?" ಅಂದ.

ರೇಷ್ಮಾ ತಾಯಿಯ ಮುಖ ನೋಡುತ್ತಿದ್ದಳು. ಅವಳಿಗೆ ಅಪ್ಪ ಹಾಲಸಿದ್ದಪ್ಪನ ನೆನಪಾಗಿತ್ತು. ಅವನಷ್ಟು ಜ್ವಾಕೆಯ ಮನುಷ್ಯ ಆ ಊರಲ್ಲಿ ಹುಟ್ಟಿರಲಿಲ್ಲ. ಮೊಣಕಾಲಿನ ಮೇಲೆ ಹೊಳೆಯ ನೀರು ಬರಗೊಡುತ್ತಿರಲಿಲ್ಲ. ಯಾರ ಬೈಕಿನ ಹಿಂದೂ ಕೂಡುತ್ತಿರಲಿಲ್ಲ. ಬಡಿಗೆಯಿಂದ ನೆಲ ತಟ್ಟಿ ನೋಡಿ ಕಂಬಳಿ ಹಾಸುತ್ತಿದ್ದ. ಒಂದು ವರ್ಷ ಮುಂಗಾರಿಗೆ ಮುಂಚೆ ಇದೇ ಗುಡಿಯಲ್ಲಿ, ಕುರಿ ಹೊಳೀದಂಡಿಗೆ ಹೊಡೆದರೆ ಒಳ್ಳೇದೇನು ಅಂತ ಕೇಳಿದ್ದರು. ಹೂವು ಬಲಕ್ಕೆ ಬಿದ್ದಿತ್ತು. ಹೊಳೀದಂಡೆಯ ಬಯಲಿನಲ್ಲಿ ಕುಂತಿದ್ದಾಗ ಸಿಡಿಲು ಹೊಡೆಯಿತು. ಅವನೊಬ್ಬನೇ ಹೋದ. ಒಂದು ಕುರಿಮರಿಗೂ ಏನೂ ಆಗಲಿಲ್ಲ.

ಹಿರಿಯರು ಕೂತು ಮಾತಾಡಿ ಮಾಯವ್ವನಿಗೆ ಸಮಾಧಾನ ಹೇಳಿದ್ದರು: ಹೂವು ಸುಳ್ಳಾಗಲಿಲ್ಲ ತಂಗಿ. ನಾವು ಕುರಿ ಬಗ್ಗೆ ಕೇಳಿದ್ವಿ, ಕುರಿ ಉಳಿದ್ವು.

"ಯವ್ವಾ" ಅಂದಳು ರೇಷ್ಮಾ, ಗುಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಆವತ್ತ ಕುರಿ ಬಗ್ಗೆ ಕೇಳಿದ್ರಿ. ಅಪ್ಪನ ಬಗ್ಗೆ ಯಾರರ ಕೇಳಿದ್ರೇನು?"

ಮಾಯವ್ವ ಸೆರಗು ಬಾಯಿಗೆ ಹಿಡಿದಳು.

"ಇಂವ ಸುಗ್ಗಿಗೆ ಟ್ರ್ಯಾಕ್ಟರ್ ಹತ್ತುಮುಂದ ಯಾರರ ಹೂವು ಕೇಳ್ತೀರೇನು? ನಾ ಹಡಿಯಾಕ ಹೋದಾಗ ರಕ್ತ ನಿಲ್ಲಲಿಲ್ಲ. ಉಳೀತಾಳೋ ಇಲ್ಲೋ ಹೇಳಾಕ ಬರೂದಿಲ್ಲ ಅಂದಿದ್ರು ಡಾಕ್ಟರು. ವರ್ಷ ತುಂಬೂದ್ರಾಗ ಇದ ಮಂದಿ, ಗಂಡು ಒಂದ ಆಗ್ಲಿ, ಇನ್ನೊಂದ ಹಡಿ ಅಂದ್ರಿ. ಆವಾಗ ಯಾರಿಗೂ ಹೂವಿನ ನೆನಪಾಗ್ಲಿಲ್ಲ. ಒಂದ ಸಲ ನನ್ನ ಸಲುವಾಗಿ ಏನರ ಮಾಡ್ತೀನಿ ಅಂದ ಕೂಡಲೆ ದೇವ್ರನ್ನ ಎಬ್ಬಿಸಿದ್ರಿ!"

"ತಂಗಿ, ಬಾಯಿ ಬಿಗಿಹಿಡಿ" ಅಂದ ಗುರುಪಾದ. "ಹೂವು ಮೀರಬ್ಯಾಡ."

"ದೇವ್ರ ಮ್ಯಾಲೆ ನನಗ ಸಿಟ್ಟಿಲ್ಲ ಅಜ್ಜಾ. ಅಂವಗ ಕೈ ಮುಗೀತೀನಿ. ಹೋಗೂದಂತೂ ಹೋಗ್ತೀನಿ."

ಕೈ ಮುಗಿದಳು. ಎಡಕ್ಕೆ ಬಿದ್ದ ಆ ಹೂವನ್ನೇ ಎತ್ತಿ ತುರುಬಿಗೆ ಸಿಕ್ಕಿಸಿಕೊಂಡು, ಎಲ್ಲರ ಮುಂದೆ ಮೆಟ್ಟಿಲಿಳಿದು ನಡೆದಳು.

ಮರುದಿನ ಹಾಲೇಶ ಮಗಳ ಬಟ್ಟೆ ಚೀಲಕ್ಕೆ ತುಂಬಿ ತೇರದಾಳಕ್ಕೆ ಹೋದ. ಮನೆ ಖಾಲಿ ಕೊಡದಂತೆ ಆಯಿತು. ರೇಷ್ಮಾ ಅತ್ತಳೋ ಅಂದರೆ ಅತ್ತಳು, ಒಲೆಯ ಮುಂದೆ ಕೂತು, ಹೊಗೆಯ ನೆವ ಹೇಳಿಕೊಂಡು. ಆದರೆ ರಜೆಯ ಅರ್ಜಿ ಹಿಂದಕ್ಕೆ ತಗೊಳ್ಳಲಿಲ್ಲ.

ಹೊರಡುವ ದಿನ ಮಾಯವ್ವ ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ಬಂದಳು. ಗುಡಿಯಿಂದ ಬಂದಾಗಿನಿಂದ ಮಾತೇ ಆಡಿರಲಿಲ್ಲ.

"ಅಲ್ಲಿ ಪ್ಯಾಂಟ್ ಹಾಕೋಬೇಕಂತೇನು?"

"ಹೂಂ."

"ಗಟ್ಟೀದು ಹಾಕೊ. ಮುಗಿಲಾಗ ಹರಿದ್ರ ಹೊಲಿಯಾಕ ಯಾರದಾರ?" ಗಂಟು ಕೈಗಿಟ್ಟಳು. "ನಿಮ್ಮಪ್ಪ ಎಲ್ಲೂ ಏರಿರಲಿಲ್ಲ, ಎಲ್ಲೂ ಜಿಗಿದಿರಲಿಲ್ಲ. ಹೋಗಿ ಬಾ."

ವಿಮಾನ ಹತ್ತುವ ತನಕ ರೇಷ್ಮಾ ಗಟ್ಟಿ ಇದ್ದಳು. ರಸಿಕಾನ ಜೊತೆ ಹರಟೆ ಹೊಡೆದಳು, ಪಟ್ಟಾ ಬಿಗಿಸಿಕೊಂಡಳು. ಮೇಲೆ ಹೋಗಿ ಬಾಗಿಲು ತೆರೆದಾಗ ಕಾಲು ಥರಥರ ನಡುಗಿದವು. ಮಗಳ ಮುಖ ಕಣ್ಣ ಮುಂದೆ ಬಂತು. ಬೆನ್ನಿಗೆ ಬಿಗಿದುಕೊಂಡಿದ್ದವನು, "ಬೇಡಾಂದ್ರೆ ಹೇಳಿ, ಇಳಿಸ್ತೀವಿ. ಯಾರೂ ನಗಲ್ಲ" ಅಂದ. ಒಂದು ಗಳಿಗೆ ಬ್ಯಾಡ ಅನ್ನುವ ಮಾತು ತುಟಿಗೆ ಬಂದಿತ್ತು. ನುಂಗಿದಳು. ಕಾಲು ನಡುಗಿದರೆ ನಡುಗಲಿ, ಕಿತ್ತು ಮುಂದೆ ಇಡಲಿಕ್ಕೆ ಬಂದರೆ ಸಾಕು ಅಂದುಕೊಂಡು, "ನಡೀರಿ" ಅಂದಳು.

ಗಾಳಿ ಗಲ್ಲ ಹಿಡಿದು ಎಳೆದಾಡಿತು. ಕಣ್ಣಲ್ಲಿ ನೀರು ಮೇಲಕ್ಕೆ ಹರಿಯಿತು. ರೇಷ್ಮಾ ಬಾಯಿ ತೆರೆದು ಬೈಯತೊಡಗಿದಳು. ಹಾಲೇಶನನ್ನು ಬೈದಳು, ಇನ್ನೊಂದ ಹಡಿ ಅಂದವರನ್ನು ಬೈದಳು, ಸಿಡಿಲನ್ನು ಬೈದಳು. ಹೊಟ್ಟೆಯೊಳಗೆ ವರ್ಷಗಟ್ಟಲೆ ಇಟ್ಟುಕೊಂಡಿದ್ದೆಲ್ಲ ಬಂತು. ಅಷ್ಟರಲ್ಲಿ ಮೇಲೆ ಯಾರೋ ರಟ್ಟೆ ಹಿಡಿದು ಎತ್ತಿದ ಹಾಗಾಯಿತು. ಪ್ಯಾರಾಶೂಟ್ ಬಿಚ್ಚಿತ್ತು. ಎಷ್ಟು ಸುಮ್ಮಗಿತ್ತೆಂದರೆ ಹಿಂದಿನವನು ನಗುವುದು ಕೇಳಿಸಿತು. "ಯಾರನ್ನ ಮೇಡಂ ಅಷ್ಟೊಂದು ಬೈದ್ರಿ?" ಅಂದ.

"ಮನಿ ಮಂದೀನ."

ಹುಲ್ಲಿನ ಮೇಲೆ ಕುಂಡೆಯೂರಿ ಇಳಿದಳು. ಏಳಲಿಕ್ಕೆ ಹೊತ್ತು ಹಿಡಿಯಿತು.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ತೇರದಾಳದ ಬಸ್ಸು ಹತ್ತಿದಳು. ಅತ್ತೆ ಬಾಗಿಲಲ್ಲಿ ನೋಡಿ ಒಳಗೆ ಹೋದಳು, ಬಾ ಅನ್ನಲಿಲ್ಲ. ಮಗಳು ಓಡಿ ಬಂದು ಕಾಲಿಗೆ ತೆಕ್ಕೆ ಬಿದ್ದಳು. ಹಾಲೇಶ ಕಟ್ಟೆಯ ಮೇಲೆ ಕೂತಿದ್ದ, ಏಳಲಿಲ್ಲ.

"ಕರಿಯಾಕ ಬರಬ್ಯಾಡ ಅಂದಿದ್ನಿ."

"ನಿನ್ನ ಮಾತ ಕೇಳಿದ್ನಿ. ಆದ್ರೂ ಬಂದೀನಿ. ಮಗಳು ನಂದೂ ಹೌದು."

ಹಾಲೇಶ ಮಗಳ ಕಡೆ ನೋಡಿದ. ಆಮೇಲೆ ಕೇಳಿದ, "ಅಂಜಿಕಿ ಆಗ್ಲಿಲ್ಲೇನು?"

"ಆತು. ಬಾಗಲದಾಗ ಕಾಲು ನಡುಗಿದ್ವು. ಇಳುಕಲದಾಗ ಟ್ರಾಲಿ ದಬ್ಬಿದಾಗ ನಿನಗ ನಡುಗೂದಿಲ್ಲೇನು?"

ಒಳಗೆ ಅತ್ತೆಯ ಪಾತ್ರೆಯ ಸಪ್ಪಳ ನಿಂತಿತು.

"ನಡುಗ್ತಾವ" ಅಂದ ಹಾಲೇಶ. "ದಿನಾ ನಡುಗ್ತಾವ."

ಹನ್ನೊಂದು ಸುಗ್ಗಿ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ರೇಷ್ಮಾ ಗೆದ್ದವಳಂತೆ ನಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅವನ ಪಕ್ಕ ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತಳು.

"ನಾಳೆ ಮಾಲಕನ ಮುಂದ ಹೇಳು, ಒಂದ ಟ್ರಾಲಿ ಎಳೀತೀನಿ ಅಂತ. ಒಪ್ಪಲಿಲ್ಲಂದ್ರ ನಾ ಬಂದು ಹೇಳ್ತೀನಿ."

"ನೀ ಬರಬ್ಯಾಡ ತಾಯಿ" ಅಂದ ಹಾಲೇಶ. "ನಾನ ಹೇಳ್ತೀನಿ."