ಮಂಗಳನ ಬಂಡಿಗೆ ಮೀನೆಣ್ಣೆ

ನಮ್ಮೂರಿನ ದೋಣಿಗಳೆಲ್ಲ ಮರದವೇ ಆಗಿದ್ದ ಕಾಲ ಅದು. ತೆಕ್ಕಟ್ಟೆಯಲ್ಲಿ ಬಸ್ಸಿಳಿದು ಪಡುವಕ್ಕೆ ನಡೆದರೆ ಕಡಲು ಕಾಣುವ ಮೊದಲೇ ಅದರ ವಾಸನೆ ಎದುರಾಗುತ್ತಿತ್ತು. ಒಣಗಲು ಹರಡಿದ ಬೂತಾಯಿ ಮೀನು, ಹಸಿ ಬಲೆ, ಕೊಳೆತ ತೆಂಗಿನ ನಾರು, ಎಲ್ಲಕ್ಕಿಂತ ಮೇಲೆ ಮೀನೆಣ್ಣೆ. ಬೂತಾಯಿ ಬೇಯಿಸಿ ತೆಗೆದ ಆ ಎಣ್ಣೆಯನ್ನು ದೋಣಿಯ ಮೈತುಂಬ ಬಳಿಯದೆ ನಮ್ಮಲ್ಲಿ ಯಾರೂ ಅದನ್ನು ನೀರಿಗಿಳಿಸುತ್ತಿರಲಿಲ್ಲ. ಮರ ಉಪ್ಪು ಕುಡಿಯಬಾರದಲ್ಲ. ಹೊಸ ದೋಣಿಯಾದರೆ ಮನೆಯ ಯಜಮಾನನೇ ಕೈಯಾರೆ ಬಳಿಯಬೇಕು, ಬಳಿಯುವಾಗ ಯಾರೂ ಮಾತಾಡಿಸಬಾರದು. ಆ ವಾಸನೆ ನಮ್ಮ ಜಡೆಯಲ್ಲಿ, ಯೂನಿಫಾರ್ಮಿನಲ್ಲಿ, ಪುಸ್ತಕದಲ್ಲಿ ಎಲ್ಲ ಇತ್ತಂತೆ. ನಮಗಂತೂ ಗೊತ್ತಾಗುತ್ತಿರಲಿಲ್ಲ.

ಗೊತ್ತಾಗುತ್ತಿದ್ದದ್ದು ವಸಂತಿ ಟೀಚರಿಗೆ. ಅವರು ಸಾಲಿಗ್ರಾಮದ ಕಡೆಯವರು, ಮನೆಯಲ್ಲಿ ಮೀನಿನ ಹೆಸರೂ ಎತ್ತದವರು. ನಮ್ಮ ಶಾಲೆಗೆ ವಿಜ್ಞಾನ ಕಲಿಸಲು ಬಂದ ಹೊಸತರಲ್ಲಿ ಮೂಗಿಗೆ ಕರ್ಚೀಫು ಹಿಡಿದೇ ಪಾಠ ಮಾಡಿದರು. ನಾವು ಬಿಡುತ್ತೇವೆಯೇ, 'ಕರ್ಚೀಫ್ ಟೀಚರ್' ಎಂದು ಹೆಸರಿಟ್ಟೆವು. ದೀಪಾವಳಿ ಕಳೆಯುವಷ್ಟರಲ್ಲಿ ಕರ್ಚೀಫು ಬ್ಯಾಗಿನೊಳಗೆ ಸೇರಿತ್ತು, ಹೆಸರು ಮಾತ್ರ ಹಾಗೇ ಉಳಿಯಿತು.

ನಾವಾಗ ಏಳನೇ ಕ್ಲಾಸು. 2004ರ ಜನವರಿಯಲ್ಲಿ ಟೀಚರ್ ಪೇಪರಿನಿಂದ ಕತ್ತರಿಸಿದ ಒಂದು ಚಿತ್ರ ತಂದರು. ಕೆಂಪು ನೆಲ, ಅದರ ಮೇಲೆ ಆರು ಚಕ್ರದ ಬಂಡಿ. ಮಂಗಳ ಗ್ರಹದಲ್ಲಿ ಇಳಿದಿದೆ, ಒಳಗೆ ಮನುಷ್ಯರಿಲ್ಲ ಎಂದರು. ನನ್ನ ಪಕ್ಕ ಕೂರುತ್ತಿದ್ದ ಗಿರಿಜ ಎದ್ದು ನಿಂತಳು.

"ಅದ್ ಹುಗ್ದ್ ಹೋರೆ ಯಾರ್ ದೂಡುದ್, ಟೀಚರ್?"

ಯಾರೂ ಇಲ್ಲ, ಅಲ್ಲಿಗೆ ಯಾರ ಕೈಯೂ ತಲುಪುವುದಿಲ್ಲ ಎಂದರು ಟೀಚರ್. ಗಿರಿಜ ತುಂಬ ಹೊತ್ತು ಆ ಚಿತ್ರವನ್ನೇ ನೋಡಿದಳು. ದೋಣಿ ಮರಳಿನಲ್ಲಿ ಹುಗಿದುಹೋದರೆ ಊರಿಗೆ ಊರೇ ಬಂದು ಹೆಗಲು ಕೊಡುವುದನ್ನು ನೋಡಿ ಬೆಳೆದವಳಿಗೆ ಅದು ಸಂಕಟದ ವಿಷಯವಾಗಿ ಕಂಡಿರಬೇಕು.

ಮರುದಿನದಿಂದ ಪಾಠ ಕಡಲ ದಂಡೆಗೆ ಹೋಯಿತು. ಟೀಚರ್ ಒಂದು ಆಟ ಹೇಳಿಕೊಟ್ಟರು. ಒಬ್ಬರು ಕಣ್ಣು ಕಟ್ಟಿಕೊಂಡು ಬಂಡಿಯಾಗಬೇಕು, ಇನ್ನೊಬ್ಬರು ದೂರ ನಿಂತು ಅಪ್ಪಣೆ ಕೊಡಬೇಕು. ಕೊಟ್ಟ ಅಪ್ಪಣೆ ಕೂಡಲೇ ಮುಟ್ಟುವುದಿಲ್ಲ, ಮಂಗಳ ಅಷ್ಟು ದೂರ. ಒಬ್ಬಳು ಅದನ್ನು ಹೊತ್ತು ಮೆಲ್ಲ ನಡೆದುಹೋಗಿ ಬಂಡಿಯ ಕಿವಿಯಲ್ಲಿ ಹೇಳಬೇಕು. ಅಷ್ಟರಲ್ಲಿ ಬಂಡಿ ಏಡಿಯ ಬಿಲದಲ್ಲೋ ತೆರೆಯ ನೀರಿನಲ್ಲೋ ಕಾಲಿಟ್ಟಾಗಿರುತ್ತಿತ್ತು. ನಾನು ಕೊಟ್ಟ ಅಪ್ಪಣೆ ನಂಬಿ ಗಿರಿಜ ಒಮ್ಮೆ ಸೊಂಟದವರೆಗೆ ನೀರಿಗಿಳಿದಳು. ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯಿತು. ಆ ಮಧ್ಯಾಹ್ನಗಳಷ್ಟು ನಗು ನನಗೆ ಮತ್ತೆ ಸಿಕ್ಕಿಲ್ಲ.

ಆಗಲೇ ಕುಂದಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪ್ರದರ್ಶನ ಇದೆಯೆಂಬ ಸುದ್ದಿ ಬಂತು. ನಮ್ಮದೂ ಒಂದು ಬಂಡಿ ಎಂದರು ಟೀಚರ್. ಹರಿದ ಹವಾಯಿ ಚಪ್ಪಲಿ ಕೊಯ್ದು ಆರು ಚಕ್ರ ಮಾಡಿದೆವು. ಕೊಡೆಯ ಕಡ್ಡಿ ಅಚ್ಚಾಯಿತು, ಪೊರಕೆ ಕಡ್ಡಿಯ ತುದಿಯ ಬೆಂಕಿಪೆಟ್ಟಿಗೆ ಕ್ಯಾಮೆರಾ ಆಯಿತು. ನನ್ನ ಅಪ್ಪನ ಚಾದಂಗಡಿಯಲ್ಲಿ ಬೊಂಬಾಯಿಯಿಂದ ಬಂದ ಟೇಪ್‌ರೆಕಾರ್ಡರ್ ಒಂದು ಕೆಟ್ಟು ಕೂತಿತ್ತು, ಅದರ ಮೋಟಾರು ಬಿಚ್ಚಿದೆವು. ಮೋಟಾರಿಗೆ ಸೆಲ್ಲು, ಒತ್ತಲು ಗುಂಡಿ, ಮೋಟಾರಿನಿಂದ ಅಚ್ಚಿಗೆ ಚಕ್ರ ತಿರುಗಿಸಲು ಒಂದು ರಬ್ಬರ್ ಬ್ಯಾಂಡು. ವಯರಿನ ಕೆಲಸವೆಲ್ಲ ಗಿರಿಜಳದು. ಟೀಚರ್ ಒಮ್ಮೆ ತೋರಿಸಿದರೆ ಸಾಕಿತ್ತು ಅವಳಿಗೆ.

ಬಂಡಿಗೆ ಮೈ ಬೇಕಲ್ಲ. ಗಿರಿಜ ತನ್ನ ಅಪ್ಪ ಹೆರಿಯಣ್ಣನ ಹತ್ತಿರ ದೋಣಿ ರಿಪೇರಿಯಲ್ಲಿ ಉಳಿದ ಹಲಗೆಯ ತುಂಡು ಕೇಳಿದಳು. ಆ ಮನೆಯಲ್ಲಿ ಆಗಲೇ ಒಂದು ತೀರ್ಮಾನವಾಗಿತ್ತು. ಅವಳ ಅಬ್ಬಿಗೆ, ಅಂದರೆ ಅಮ್ಮನಿಗೆ, ಮೀನಿನ ಬುಟ್ಟಿ ಹೊತ್ತು ಹೊತ್ತು ಸೊಂಟ ಹೋಗಿತ್ತು. ಏಳನೇ ಕ್ಲಾಸು ಮುಗಿದದ್ದೇ ಬುಟ್ಟಿ ಗಿರಿಜಳ ತಲೆಗೆ. ಹೈಸ್ಕೂಲಿನ ಮಾತೆತ್ತಿದರೆ ಹೆರಿಯಣ್ಣ ಬೀಡಿ ಹಚ್ಚಿ ಎದ್ದುಹೋಗುತ್ತಿದ್ದರು.

ಹಲಗೆ ಮಾತ್ರ ಕೊಟ್ಟರು. ಕೊಟ್ಟದ್ದಲ್ಲದೆ ತಾವೇ ಕೂತು ಉಳಿಯಿಂದ ಕೆತ್ತಿದರು. ನಾವು ಚಪ್ಪಟೆ ಹಲಗೆ ಕೇಳಿದ್ದರೆ ಅದಕ್ಕೆ ದೋಣಿಯ ಮೂತಿಯೇ ಬಂದಿತ್ತು.

"ಹ್ವಾಯ್, ಅಲ್ಲಿ ನೀರೇ ಇಲ್ಯಂಬ್ರ್, ಅಪ್ಪಯ್ಯ," ಎಂದಳು ಗಿರಿಜ.

"ಇಲ್ದಿರೆ ಇಲ್ಲ. ಮೂತಿ ಇಲ್ದೆ ಹೋಪುದ್ ಹ್ಯಾಂಗೆ?"

ಸಂಜೆ ಅಂಗಳದ ಮರಳಿನಲ್ಲಿ ಬಿಟ್ಟೆವು. ಗುಂಯ್ ಎಂದು ಸದ್ದು ಮಾಡುತ್ತ ಬಂಡಿ ತುಳಸಿಕಟ್ಟೆ ದಾಟಿ, ಒಂದು ಬಲೆಯ ಹಗ್ಗ ಹತ್ತಿಳಿದು ಹೆರಿಯಣ್ಣನ ಕಾಲಿಗೆ ಮುಟ್ಟಿ ನಿಂತಿತು. ಅವರು ಬೀಡಿ ಬಾಯಿಯಿಂದ ತೆಗೆದರು.

"ಇದ್ ನೀನೇ ಮಾಡದ್ದಾ, ಹೆಣ್ಣೆ?"

"ವಯರ್ ಎಲ್ಲ ನಾನೇ."

ಕಡಲಿನ ಕಡೆ ತಿರುಗಿ ಹೇಳಿದರು: "ಕುಂದಾಪ್ರದಗೆ ಹೀಂಗೇ ಓಡ್ರೆ ಹೈಸ್ಕೂಲಿಗೆ ಕಳ್ಸುವ. ಬುಟ್ಟಿ ವಿಷ್ಯ ನಾನ್ ಕಾಣ್ತೆ."

ಗಿರಿಜ ಕೂಗಲಿಲ್ಲ, ಕುಣಿಯಲಿಲ್ಲ. ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿದುಕೊಂಡಳು.

ಪ್ರದರ್ಶನದ ದಿನ ಬೆಳಿಗ್ಗೆ ಅವಳ ಮನೆಗೆ ಹೋದರೆ ಬಂಡಿ ಜಗಲಿಯ ಮೇಲೆ ಫಳಫಳ ಹೊಳೆಯುತ್ತಿತ್ತು. ಹಿಂದಿನ ಸಂಜೆ ಹೆರಿಯಣ್ಣ ಬಾಗಿಲ ಬಳಿ ಕೂತು, ಯಾರೊಡನೆಯೂ ಮಾತಾಡದೆ, ಮೂತಿಯಿಂದ ಬಾಲದವರೆಗೆ, ಸಂದುಗೊಂದೂ ಬಿಡದೆ ಮೀನೆಣ್ಣೆ ಬಳಿದಿದ್ದರು.

"ಮೊದಲ್ನೇ ಸಲ ಇಳ್ಸುದ್. ಎಣ್ಣಿ ಹಚ್ದೆ ಕಳ್ಸುದಾ?" ಎಂದರು. ಅಂಗಿ ಇಸ್ತ್ರಿ ಹಾಕಿಸಿದ್ದರು. ಅವರೂ ಬರುವವರಿದ್ದರು.

ನಮಗೆ ಸಂತೋಷವೇ ಸಂತೋಷ. ಅಪ್ಪ ಎಣ್ಣೆ ಬಳಿದದ್ದೆಂದರೆ ಮನಸಾರೆ ಒಪ್ಪಿದ ಹಾಗೆ. ತೆಕ್ಕಟ್ಟೆ ಬಸ್‌ಸ್ಟ್ಯಾಂಡಿನಲ್ಲಿ ಟೀಚರಿಗೂ ವಾಸನೆ ಬಡಿಯಿತು. ಯಾರು ಹಚ್ಚಿದ್ದು ಎಂದು ಕೇಳಿ, ಗಿರಿಜ ಹೇಳಿದ್ದೇ ಅವರ ಕಣ್ಣು ಒದ್ದೆಯಾಯಿತು. ಇನ್ನೊಮ್ಮೆ ಓಡಿಸಿ ನೋಡೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ಹೈಸ್ಕೂಲಿನ ಹಾಲಿನಲ್ಲಿ ಕೆಂಪು ಮುರಕಲ್ಲಿನ ಪುಡಿ ಹರಡಿ ಮಂಗಳ ಮಾಡಿದ್ದರು. ನಾವು ಒಳಗೆ ಕಾಲಿಟ್ಟದ್ದೇ ಬೇರೆ ಶಾಲೆಯ ಮಕ್ಕಳು ಮೂಗು ಮುಚ್ಚಿಕೊಂಡರು. ಒಬ್ಬ ಬೆಕ್ಕಿನ ಹಾಗೆ ಕೂಗಿದ. ತೀರ್ಪುಗಾರರೊಬ್ಬರು ಎದ್ದು ಕಿಟಕಿ ತೆರೆದರು. ಗುಂಡಿ ಒತ್ತಿದ ಮೇಲೆ ಯಾರೂ ಮುಟ್ಟುವಂತಿಲ್ಲ ಎಂಬುದು ನಿಯಮ. ಗಿರಿಜ ಬಂಡಿ ಇಳಿಸಿದಳು, ಗುಂಡಿ ಒತ್ತಿದಳು.

ಗುಂಯ್ ಎಂಬ ಸದ್ದು ಬಂತು. ಚಕ್ರ ತಿರುಗಲಿಲ್ಲ.

ಮೋಟಾರು ಓಡುತ್ತಲೇ ಇತ್ತು. ಬಂಡಿ ಕೂದಲೆಳೆಯಷ್ಟೂ ಕದಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆರಿಯಣ್ಣನಿಗೆ ತಡೆಯಲಾಗಲಿಲ್ಲ.

"ದೂಡ್, ಹೆಣ್ಣೆ! ಒಂಚೂರ್ ದೂಡ್!"

ಹಾಲೆಲ್ಲ ನಕ್ಕಿತು. ಗಿರಿಜ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು. ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿದ ಮೇಲೆ ಬಂಡಿಯನ್ನೆತ್ತಿ ಹೊಟ್ಟೆ ತಿರುಗಿಸಿ ನೋಡಿದಳು. ಎಣ್ಣೆ ಕುಡಿದ ರಬ್ಬರ್ ಬ್ಯಾಂಡು ಉಬ್ಬಿ, ಸಡಿಲವಾಗಿ, ಅಚ್ಚಿನ ಮೇಲೆ ಸುಮ್ಮನೆ ಜಾರುತ್ತಿತ್ತು. ಅವಳು ಬೆರಳಿನಿಂದ ಮುಟ್ಟಿ ಮೂಸಿದಳು. ಟೀಚರಿಗೂ ಅರ್ಥವಾಯಿತು, ಬಾಗಿಲ ಕಡೆ ತಿರುಗಿದರು. ಗಿರಿಜ ಅವರ ಸೆರಗು ಹಿಡಿದಳು.

"ಅಪ್ಪಯ್ಯನಿಗೆ ಹೇಳ್ಬೇಡಿ, ಟೀಚರ್. ನಿಮ್ಮ ಕಾಲ್ ಹಿಡಿತೆ."

ಅಷ್ಟರಲ್ಲಿ ಹೆರಿಯಣ್ಣ ಬಂದರು. "ಎಂತ ಆಯ್ತ್?"

"ವಯರ್ ತಪ್ ಕೊಟ್ಟಿದೆ, ಅಪ್ಪಯ್ಯ. ನಂದೇ ತಪ್ಪ್."

ಅವರು ಬಂಡಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಬಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಸ್ತ್ರಿಯ ಅಂಗಿಗೆಲ್ಲ ಎಣ್ಣೆಯಾಯಿತು.

ಪರೀಕ್ಷೆ ಮುಗಿದ ವಾರ ಟೀಚರ್ ಗಿರಿಜಳ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಗಿರಿಜಳಂಥ ಹುಡುಗಿಯನ್ನು ತಾನು ನೋಡಿಲ್ಲ, ಹೈಸ್ಕೂಲಿಗೆ ಕಳಿಸಿ ಎಂದು ಅಂಗಲಾಚಿದರು.

"ಎಲ್ಲ ಸಮ, ಟೀಚರ್. ಒಂದ್ ವಯರ್ ಕೊಡುಕಾತಿಲ್ಲ ಅವ್ಳಿಗೆ," ಎಂದರು ಹೆರಿಯಣ್ಣ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಆಪ್ದಾರೆ ಅವತ್ತೇ ಆತಿತ್ತ್. ಸುಮ್ನೆ ಆಸೆ ಹುಟ್ಸ್‌ಬೇಡಿ."

ಟೀಚರ್ ಬಾಯಿ ತೆರೆದರು. ಹೆರಿಯಣ್ಣನ ಬೆನ್ನ ಹಿಂದೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಿರಿಜ ಬೇಡ ಎಂದು ತಲೆಯಲ್ಲಾಡಿಸಿದಳು. ಟೀಚರ್ ಬಾಯಿ ಮುಚ್ಚಿದರು. ಒಂದು ಮಾತು ಸಾಕಿತ್ತು. ಅವಳ ಮೇಲೆ ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಜೂನಿನಲ್ಲಿ ನಾನು ಕೊಡೆ ಹಿಡಿದು ಹೈಸ್ಕೂಲಿಗೆ ಹೊರಟಾಗ ಅವಳು ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬಂದಳು. ತೆಕ್ಕಟ್ಟೆಯವರೆಗೆ ಒಟ್ಟಿಗೇ ನಡೆದೆವು.

ಈಗ ನಾನು ಬ್ರಹ್ಮಾವರದಲ್ಲಿ ಸಂಸಾರಸ್ಥೆ. ಮೊನ್ನೆ ಊರಿಗೆ ಹೋಗಿದ್ದೆ. ನಮ್ಮ ಶಾಲೆಗೆ ಮಕ್ಕಳಿಲ್ಲದೆ ಬೀಗ ಬಿದ್ದಿದೆ. ದೋಣಿಗಳೆಲ್ಲ ಫೈಬರಿನವು, ಅವಕ್ಕೆ ಎಣ್ಣೆ ಬೇಕಾಗಿಲ್ಲ. ದಂಡೆಯುದ್ದ ನಡೆದರೂ ಆ ವಾಸನೆ ಸಿಗಲಿಲ್ಲ. ನಮ್ಮ ದೇಶದ್ದೇ ನೌಕೆ ಮಂಗಳನನ್ನು ಸುತ್ತುತ್ತಿದೆ. ಅದನ್ನು ಯಾರೊಡನೆ ಹೇಳಿ ಸಂತೋಷಪಡಬೇಕೋ ಆ ಹುಡುಗಿ ಈ ಊರಿನಲ್ಲಿ ಇಲ್ಲ. ಇರುವವಳು ಮೀನು ಮಾರುವ ಗಿರಿಜಕ್ಕ.

ಅವಳ ಮನೆಯ ಜಗಲಿಗೆ ಕಾಲಿಟ್ಟಾಗ ಮಾತ್ರ ಆ ವಾಸನೆ ಬಂತು. ಮುದಿ ಹೆರಿಯಣ್ಣ ಬಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯ ತುಂಡಿನಿಂದ ಎಣ್ಣೆ ಬಳಿಯುತ್ತಿದ್ದರು. ಮಳೆ ಕಳೆದ ಮೇಲೆ ಪ್ರತಿ ವರ್ಷವೂ ಬಳಿಯುತ್ತಾರಂತೆ. ಮರ ಕಪ್ಪಗೆ ಕನ್ನಡಿಯಾಗಿತ್ತು. ಚಕ್ರಗಳು ಎಂದೋ ಉದುರಿಹೋಗಿದ್ದವು.

ಒಂದು ಬದಿ ಬಳಿದು ಮುಗಿಸಿದ ಮೇಲೆ ನನ್ನನ್ನು ಗುರುತು ಹಿಡಿದು ನಕ್ಕರು. "ಕಾಣ್, ಮರ ಒಂಚೂರೂ ಕೆಡ್ಲಿಲ್ಲ. ಅವತ್ತ್ ಇವ್ಳ್ ವಯರ್ ಒಂದ್ ಸಮ ಕೊಟ್ಟಿದ್ರೆ..."

"ಹೌದ್, ಅಪ್ಪಯ್ಯ," ಎಂದಳು ಗಿರಿಜ. ಎಣ್ಣೆಯ ಕರಟವನ್ನು ಅವರ ಕೈಗೆ ಸಿಗುವ ಹಾಗೆ ಹತ್ತಿರ ಸರಿಸಿದಳು.