ಓಡೋನ ಮನೆ

ಆ ಕಾಲದ ಯಲಹಂಕದಲ್ಲಿ ಬೆಳಗಿನ ಹೊತ್ತು ರಸ್ತೆ ಮೇಲೆ ಓಡುವ ಮನುಷ್ಯನಿಗೆ ಎರಡೇ ಕಾರಣ ಇರಬಹುದಿತ್ತು. ಒಂದೋ ಅವನು ಏನಾದರೂ ಕದ್ದಿರಬೇಕು, ಇಲ್ಲವೇ ಬಸ್ಸು ತಪ್ಪಿಸಿಕೊಂಡಿರಬೇಕು. ಸುಮ್ಮಸುಮ್ಮನೆ ಓಡುತ್ತಾನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ನಾನೋ, ಸುಮ್ಮಸುಮ್ಮನೆ ಓಡುತ್ತಿದ್ದೆ.

ನಮ್ಮದು ವಿಜಾಪುರದ ಕಡೆ. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಸಿಕ್ಕಿ ಬಂದವನು ಯಲಹಂಕದಲ್ಲಿ ಮನೆ ಹಿಡಿದಿದ್ದೆ. ದಿನವಿಡೀ ಒಂದೇ ಕಡೆ ನಿಂತು ಕಬ್ಬಿಣ ಕಡೆದರೆ ಕಾಲು ಮರದ ಕೊರಡಾಗುತ್ತದೆ. ಅದಕ್ಕೇ ಓಡಲು ಶುರು ಮಾಡಿದೆ, ಆಮೇಲೆ ಬಿಡಲಾಗಲಿಲ್ಲ. ಕ್ಯಾನ್ವಾಸ್ ಬೂಟು, ಖಾಕಿ ಚಡ್ಡಿ, ದೊಡ್ಡಬಳ್ಳಾಪುರ ರಸ್ತೆ. ರಾಜಾನುಕುಂಟೆಯವರೆಗೆ ಹೋಗುವುದು, ತಿರುಗಿ ಬರುವುದು. ಮೊದಮೊದಲು ಹೊಲದಲ್ಲಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರು. ಒಬ್ಬ ಯಜಮಾನರಂತೂ ದೊಣ್ಣೆ ಹಿಡಿದು ನನ್ನ ಜೊತೆಗೇ ಒಂದು ಫರ್ಲಾಂಗು ಓಡಿಬಂದು, "ಯಾವ್ ಕಡೀಕ್ ಓದ್ನಪ್ಪ ಕಳ್ಳ?" ಎಂದು ಕೇಳಿದ್ದರು. ಕಳ್ಳ ಯಾರೂ ಇಲ್ಲ ಎಂದಾಗ ಅವರಿಗಾದ ನಿರಾಸೆ ಅಷ್ಟಿಷ್ಟಲ್ಲ.

ಬಸ್ಸಿನವರದು ಇನ್ನೊಂದು ತರಹ. ರಾಜಾನುಕುಂಟೆ ಕಡೆಯಿಂದ ಬೆಳಗಿನ ಮೊದಲ ಬಸ್ಸು ನಾನು ಹಿಂದಿರುಗುವ ಹೊತ್ತಿಗೆ ಹಿಂದಿನಿಂದ ಬರುತ್ತಿತ್ತು. ಡ್ರೈವರು ಪಕ್ಕದಲ್ಲಿ ನಿಧಾನ ಮಾಡಿ, "ಹತ್ತು ಗುರು, ನಿನ್ಗೋಸ್ಕರ ನಿಲ್ಸ್ತೀನಿ" ಅನ್ನುವನು. ನಾನು ತಲೆ ಅಲ್ಲಾಡಿಸಿ ಬೇಡ ಅನ್ನುವೆ. ದಿನಾ ಇದೇ ಮಾತು, ದಿನಾ ಇದೇ ಉತ್ತರ. ಕೊನೆಗೆ ಅದು ನಮಸ್ಕಾರದ ಹಾಗೆ ಆಗಿಹೋಯಿತು. ಮುಂದಿನ ಸೀಟಿನಲ್ಲಿ ಸೊಪ್ಪಿನ ಮಂಕರಿ ಮಡಿಲಲ್ಲಿಟ್ಟುಕೊಂಡು ಒಬ್ಬ ಅಜ್ಜಿ ಕೂತಿರುತ್ತಿದ್ದಳು. ಯಲಹಂಕದ ಸಂತೆ ಬೀದಿಯಲ್ಲಿ ಸೊಪ್ಪು ಮಾರುವವಳು. "ಅತ್ಕೊಳ್ಳೋ ಮಗಾ, ಕಾಲ್ ಸವ್ದೋಯ್ತದೆ" ಎಂದು ಕಿಟಕಿಯಿಂದಲೇ ಬಯ್ಯುತ್ತಿದ್ದಳು.

ಅದು ನಮ್ಮವರು ಕ್ರಿಕೆಟ್ಟಿನಲ್ಲಿ ವಿಶ್ವಕಪ್ ಗೆದ್ದ ವರ್ಷ. ಕಾರ್ಖಾನೆಯಲ್ಲಿ ಕ್ಯಾಂಟೀನಿನ ಭಟ್ಟರಿಂದ ಹಿಡಿದು ಎಲ್ಲರೂ ಬೌಲರುಗಳಾಗಿದ್ದರು. "ಓಡೋದೂ ಒಂದು ಆಟನಾ ಮಚ್ಚಾ? ಓಡ್ಬೇಕು ಅಂದ್ರೆ ಎರಡು ವಿಕೆಟ್ ಮಧ್ಯೆ ಓಡು" ಎಂದು ನನ್ನನ್ನು ಕಾಡುತ್ತಿದ್ದರು. ನನಗೆ ರೇಗುತ್ತಿತ್ತು. ಮೂರು ಗಂಟೆ ಸ್ಲಿಪ್ಪಿನಲ್ಲಿ ನಿಂತು ಒಂದು ಸಲ ಬಗ್ಗುವವನು ಆಟಗಾರ, ದಿನಾ ಹದಿನೈದು ಕಿಲೋಮೀಟರು ಓಡುವವನು ಹುಚ್ಚ. ಇದ್ಯಾವ ನ್ಯಾಯ?

ಆದರೆ ಆ ವರ್ಷ ನನಗೆ ಆಟಕ್ಕಿಂತ ದೊಡ್ಡದೊಂದು ಚಿಂತೆ ಹತ್ತಿತ್ತು. ಹೆಂಡತಿ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಅದು ನಮ್ಮ ಕಡೆ ಯಾರೂ ಮೀರದ ಪದ್ಧತಿ. ಆದರೆ ಅವಳ ಅವ್ವ ತೀರಿಹೋಗಿ ಮೂರು ವರ್ಷವಾಗಿತ್ತು, ಅತ್ತಿಗೆಯಂದಿರು ಪತ್ರಕ್ಕೆ ಉತ್ತರವನ್ನೇ ಬರೆಯಲಿಲ್ಲ. ನನ್ನ ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ನನಗೋ ಒಂದು ವಾರ ಬೆಳಗಿನ ಶಿಫ್ಟು, ಮತ್ತೊಂದು ವಾರ ಎರಡನೆಯ ಶಿಫ್ಟು. ಎರಡನೆಯದಾದರೆ ಮಧ್ಯಾಹ್ನ ಹೋದವನು ಮನೆ ಸೇರುವಾಗ ಊರೆಲ್ಲ ಮಲಗಿರುತ್ತಿತ್ತು.

"ಆ ವಾರ ಬಂತಂದ್ರ ಎದಿ ಡವಡವ ಅಂತದ್ರಿ" ಅನ್ನುತ್ತಿದ್ದಳು ಹೆಂಡತಿ. "ಬ್ಯಾನಿ ಸುರು ಆದ್ರ ಯಾರನ್ನ ಕರೀಲಿ?"

ದಾರಿ ಒಂದೇ ಇತ್ತು. ಕಾರ್ಖಾನೆ ವರ್ಷಕ್ಕೊಮ್ಮೆ ಓಟದ ಪಂದ್ಯ ನಡೆಸುತ್ತಿತ್ತು. ಮೊದಲು ಬಂದ ನಾಲ್ವರು ಕಾರ್ಖಾನೆಯ ತಂಡಕ್ಕೆ ಸೇರುತ್ತಿದ್ದರು. ತಂಡದವರಿಗೆ ವರ್ಷವಿಡೀ ಜನರಲ್ ಶಿಫ್ಟು. ಸಂಜೆ ಐದೂವರೆಗೆ ಬಿಡುಗಡೆ. ಹಿಂದಿನ ವರ್ಷ ನಾನು ಐದನೆಯವನಾಗಿ ಬಂದಿದ್ದೆ. "ಈ ಸಲ ಬಿಡಂಗಿಲ್ಲ, ನೋಡು" ಎಂದು ಹೆಂಡತಿಗೆ ಮಾತು ಕೊಟ್ಟೆ.

ಪಂದ್ಯದ ದಾರಿಯೂ ನನ್ನದೇ ದಾರಿ. ಯಲಹಂಕದಿಂದ ರಾಜಾನುಕುಂಟೆ, ಅಲ್ಲಿಂದ ವಾಪಸ್ಸು. ಭಾನುವಾರ ಬೆಳಿಗ್ಗೆ ಬನಿಯನ್ನಿನ ಮೇಲೆ ನಂಬರಿನ ಬಟ್ಟೆ ಹೊಲಿಸಿಕೊಂಡು ಮೂವತ್ತು ಜನ ಹೊರಟೆವು. ರಾಜಾನುಕುಂಟೆ ಮುಟ್ಟಿ ತಿರುಗುವಾಗ ನಾನು ಮೂರನೆಯವನು. ಮುಂದಿನ ಇಬ್ಬರು ನೂರು ಮಾರು ದೂರದಲ್ಲಿ, ಹಿಂದಿನವನು ಕಣ್ಣಿಗೆ ಕಾಣದಷ್ಟು ದೂರದಲ್ಲಿ. ಖುಷಿ ಉಕ್ಕಿ ವೇಗ ಹೆಚ್ಚಿಸಿದೆ. ಹೆಚ್ಚಿಸಿದ್ದೇ ತಪ್ಪಾಯಿತು. ಪಕ್ಕೆ ಹಿಡಿದುಕೊಂಡಿತು. ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡು, ಬಾಯಿ ಬಿಟ್ಟುಕೊಂಡು ಓಡುತ್ತಿದ್ದೆ.

ಆಗ ಹಿಂದಿನಿಂದ ಬಸ್ಸು ಬಂತು. ಡ್ರೈವರು ಎಂದಿನಂತೆ, "ಹತ್ತೀಯಾ ಗುರು?" ಅಂದ. ನನಗೆ ತಲೆ ಅಲ್ಲಾಡಿಸುವಷ್ಟೂ ತ್ರಾಣವಿರಲಿಲ್ಲ, ಅಲ್ಲಾಡಿಸಲಿಲ್ಲ.

"ಇವತ್ತು ಬ್ಯಾಡ ಅನ್ನಲಿಲ್ಲ ಕಣ್ರೋ! ಅತ್ತಿಸ್ಕೊಳ್ರೋ ಪಾಪದೋನ್ನ" ಎಂದು ಅಜ್ಜಿ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ಬಾಗಿಲಲ್ಲಿದ್ದ ಇಬ್ಬರು ಗಟ್ಟಿಗರು ನನ್ನ ರಟ್ಟೆಗಳಿಗೆ ಕೈ ಹಾಕಿ, ಹುಲ್ಲಿನ ಹೊರೆ ಎತ್ತುವ ಹಾಗೆ ಎತ್ತಿ ಒಳಗೆ ಹಾಕಿಕೊಂಡರು. ಕಂಡಕ್ಟರು ರೈಟ್ ಅಂದುಬಿಟ್ಟ. ನಾನು ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲೊಲ್ಲದು. ಯಾರೋ ಸೀಟು ಬಿಟ್ಟುಕೊಟ್ಟರು, ಇನ್ಯಾರೋ ಟವೆಲಿನಿಂದ ಗಾಳಿ ಬೀಸಿದರು. ಅಜ್ಜಿ ಕಿಟಕಿಯಾಚೆ ನೋಡಿ, "ಇನ್ನೂ ಇಬ್ರು ಓಡ್ತಾವ್ರೆ. ಇವತ್ತು ಎಲ್ಲಾರ್ಗೂ ಬಸ್ಸು ತಪ್ಪೋಗದೆ" ಎಂದು ಮರುಗಿದಳು. ನನ್ನ ಮುಂದಿದ್ದ ಇಬ್ಬರನ್ನೂ ನಾವು ದಾಟಿದ್ದೆವು.

ಬಸ್ಸು ನಿಲ್ಲುವ ಹೊತ್ತಿಗೆ ನನಗೆ ಮಾತು ಬಂತು. ಬಂದದ್ದೆಲ್ಲ ಬೈಗುಳ. "ನಿಮ್ಮ ಮನಿ ಹಾಳಾಗಲಿ, ಇದು ಪಂದ್ಯಾ ಐತ್ರೋ! ಮನ್ಯಾಗ ತುಂಬಿದ ಬಸುರಿ ಒಬ್ಬಾಕೀನ ಇರ್ತಾಳ. ಇದನ್ನ ಗೆದ್ರ ನಾ ಸಂಜೀಕ ಮನಿ ಸೇರ್ತಿದ್ದೆ" ಎಂದು ಅರಚಿ ಕೆಳಗೆ ಧುಮುಕಿದೆ.

ಸುಳ್ಳು ಯಾಕೆ ಹೇಳಲಿ, ಅಲ್ಲೇ ಹುಣಸೆಮರದ ಹಿಂದೆ ಒಂದು ನಿಮಿಷ ನಿಂತೆ. ಮುಂದಿನವರಿಬ್ಬರು ದಾಟಿ ಹೋಗಲಿ, ಆಮೇಲೆ ಅವರ ಹಿಂದೆ ಸೇರಿಕೊಂಡರೆ ನನ್ನ ಮೂರನೆಯ ಜಾಗ ನನಗೇ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಷ್ಟು ವರ್ಷ ಒಬ್ಬನೇ ಓಡಿದವನು ನಾನು, ನೋಡುವವರಿಲ್ಲ ಅಂತ ಒಂದು ದಿನವೂ ಅರ್ಧದಾರಿಯಿಂದ ತಿರುಗಿದವನಲ್ಲ. ಆ ದಿನವೂ ಕಾಲು ಕೇಳಲಿಲ್ಲ. ನನ್ನನ್ನು ಎತ್ತಿಕೊಂಡ ಜಾಗಕ್ಕೆ ಹಿಂದಕ್ಕೆ ಓಡಿದೆ, ಅರ್ಧ ಮೈಲಿ. ಎದುರಿಗೆ ಬಂದವರು, "ಏನ್ ಗುರು, ಏನಾದ್ರೂ ಬಿಟ್ಬಂದ್ಯಾ?" ಎಂದು ನಕ್ಕರು. ಅಲ್ಲಿಂದ ಮತ್ತೆ ಓಡಿ ಏಳನೆಯವನಾಗಿ ಮುಟ್ಟಿದೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗೋಡೆ ಕಡೆ ತಿರುಗಿ ಕೂತಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮಾರನೆಯ ದಿನ ಓಡಲು ಹೋಗಲಿಲ್ಲ. ಆ ಬಸ್ಸನ್ನು ಕಂಡರೆ ಕಲ್ಲು ಹೊಡೆದೇನು ಅನ್ನಿಸುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದು. ತೆಗೆದರೆ ಖಾಲಿ ಮಂಕರಿ ಹಿಡಿದ ಆ ಅಜ್ಜಿ. ನಮ್ಮ ಮನೆ ಹೇಗೆ ಸಿಕ್ಕಿತು ಅಂದರೆ, "ಓಡೋನ ಮನೆ ಯಾವ್ದು ಅಂದೆ. ಊರಿಗೂರೇ ತೋರಿಸ್ತು" ಅಂದಳು. ನನ್ನನ್ನು ದಾಟಿ ಒಳಗೆ ಬಂದು, ಹೆಂಡತಿಯ ಕಾಲು ಮುಟ್ಟಿ ಬಾವು ನೋಡಿದಳು.

"ನಿನ್ ಗಂಡನ್ನ ಎತ್ತಿಸಿದ್ದು ನಾನೇ ಕಣವ್ವ. ಒಳ್ಳೇದಾಗ್ಲಿ ಅಂತ ಮಾಡ್ದೆ, ಇಂಗಾಯ್ತು. ಅವ್ನು ಸಂಜೆ ಬರ್ದಿರೋ ವಾರ ನಾನ್ ಬತ್ತೀನಿ. ಮನೇಲಿ ಸೊಸೆ ಅವ್ಳೆ, ಸೊಪ್ಪು ಮಗ ತಂದ್ಕೊಡ್ತಾನೆ."

ನಾನು ಬೇಡ ಅಜ್ಜಿ ಅಂದೆ. "ನೀನು ದಿನಾ ಬ್ಯಾಡ ಅಂತಾನೇ ಇರ್ತೀಯ, ಸುಮ್ಕಿರು" ಅಂದಳು.

ಹೇಳಿದ ಹಾಗೆ ಬಂದಳು. ಎರಡು ತಿಂಗಳು, ಎರಡನೆಯ ಶಿಫ್ಟಿನ ಒಂದು ದಿನವೂ ತಪ್ಪಿಸಲಿಲ್ಲ. ನಾನು ಬರುವಾಗ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿರುತ್ತಿದ್ದಳು. ನಮ್ಮ ಜೋಳದ ರೊಟ್ಟಿಯನ್ನು "ಇದೇನವ್ವ, ಅಗಿಯಕ್ಕೇ ಒಂದ್ ದಿನ ಬೇಕು" ಎಂದು ಬೈಯುತ್ತಲೇ ತಿನ್ನುತ್ತಿದ್ದಳು. ಹೆಂಡತಿಗೆ ಮುದ್ದೆ ನುಂಗುವುದನ್ನು ಕಲಿಸಿದಳು. ನನಗೆ ಮಾತ್ರ ಇವತ್ತಿನವರೆಗೂ ಬಂದಿಲ್ಲ.

ಒಂದು ಸಂಜೆ ನಾಲ್ಕು ಗಂಟೆಗೆ ಕಾರ್ಖಾನೆಯ ಗೇಟಿಗೆ ಅಜ್ಜಿಯ ಮಗ ಬಂದು, "ಆಸ್ಪತ್ರೆಗೆ ಸೇರ್ಸಿದ್ದೀವಿ" ಅಂದ. ಮೇಸ್ತ್ರಿಯಿಂದ ಗೇಟ್ ಪಾಸು ಇಸಿದುಕೊಂಡು, ಹೆಬ್ಬಾಳದ ಮೇಲೆ ಎರಡು ಬಸ್ಸು ಬದಲಿಸಿ, ಮುಟ್ಟುವಷ್ಟರಲ್ಲಿ ಮಗಳು ಹುಟ್ಟಿದ್ದಳು. ಅಜ್ಜಿ ಮಗುವನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಮಂಚದ ಪಕ್ಕ ನಿಂತಿದ್ದಳು.

ನರ್ಸಮ್ಮ ರಿಜಿಸ್ಟರು ಹಿಡಿದು ಬಂದರು. "ಜೊತೇಲಿ ಯಾರಿದ್ದೀರಾ? ನೀವು ಹುಡುಗಿಗೆ ಏನಾಗ್ಬೇಕಜ್ಜಿ?"

"ನಾನು ಏನೂ ಆಗ್ಬೇಕಿಲ್ಲ ಕಣವ್ವ, ಸೊಪ್ಪು ಮಾರೋಳು" ಎಂದು ಅಜ್ಜಿ ಶುರು ಮಾಡಿದಳು.

ಹೆಂಡತಿ ಮಲಗಿದಲ್ಲಿಂದಲೇ ಕೈ ಚಾಚಿ ಅವಳ ಸೆರಗು ಹಿಡಿದುಕೊಂಡಳು. "ನಮ್ಮವ್ವ ಅಂತ ಬರ್ಕೋರಿ" ಅಂದಳು.

ನರ್ಸಮ್ಮ ಹಾಗೆಯೇ ಬರೆದುಕೊಂಡರು.