ಹರಿದುಹೋದ ಹದಿನಾರು ಪುಟಗಳು

ಆ ಪುಸ್ತಕಕ್ಕೆ ನಾನು ಕೊಟ್ಟದ್ದು ನೂರಾ ಎಂಬತ್ತು ರೂಪಾಯಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಹಳೆಯ ಪುಸ್ತಕ. ಅಂಗಡಿಯವ ಮುನ್ನೂರು ಹೇಳಿದ್ದ. ನಡುವೆ ಹದಿನಾರು ಪುಟ ಹರಿದುಹೋಗಿದ್ದನ್ನು ತೋರಿಸಿ ಇಳಿಸಿದೆ. ಗೆದ್ದೆ ಎಂದುಕೊಂಡು ಹುಬ್ಬಳ್ಳಿಯಲ್ಲಿ ಸವಣೂರಿನ ಬಸ್ ಹತ್ತಿದೆ.

ನಾಲ್ಕು ವರ್ಷದ ಹಿಂದಿನ ಮಾತು. ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನಾನು ಆ ಪುಸ್ತಕ ಓದಿಯೇ ಹಾನಗಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ಪ್ರೋಗ್ರಾಂ ಬರೆದುಕೊಟ್ಟೆ. ದಿನವೂ ಟೋಕನ್ ಒಂದರಿಂದ ಶುರು. ಪ್ರೋಗ್ರಾಂ ಆ ಟೋಕನ್ನಿನ ನಿನ್ನೆಯ ಫಲಿತಾಂಶ ಇದ್ದ ಜಾಗದಲ್ಲೇ ಇಂದಿನದನ್ನು ಬರೆಯುತ್ತಿತ್ತು. ರೋಗಿಗಳ ಹೆಸರುಗಳು ಟೋಕನ್ ಕೊಡುವಾಗಲೇ ಬೇರೆ ಫೈಲಿಗೆ ಸೇರುತ್ತಿದ್ದವು.

ಒಂದು ದಿನ ನಾನು ಅಲ್ಲೇ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಲ್ಯಾಬಿನ ನಸೀಮಾ ಒಂದು ರಕ್ತದ ಗುಂಪಿನ ಫಲಿತಾಂಶ ಹಾಕಿ ಸೇವ್ ಒತ್ತಿದ ಮರುಕ್ಷಣವೇ ಕರೆಂಟ್ ಹೋಯಿತು. ಯುಪಿಎಸ್ ಕೂಡ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಟೋಕನ್ ಹದಿನೇಳರ ವರದಿ ಪ್ರಿಂಟಾಯಿತು: ತಿಳವಳ್ಳಿಯ ರತ್ನವ್ವ, ಬಿ ಪಾಸಿಟಿವ್. ಆಕೆಯನ್ನು ಆಗಲೇ ಸಿಸೇರಿಯನ್‌ಗೆ ಒಳಗೆ ಕರೆದೊಯ್ದಿದ್ದರು. ಆಯಾ ಕಾಗದ ತೆಗೆದುಕೊಂಡು ಅವಸರದಲ್ಲಿ ಹೋದಳು.

ನಸೀಮಾ ಪರದೆ ನೋಡಿ ಬಿಳಿಚಿಕೊಂಡಳು. "ಅಣ್ಣಾರ, ಇದು ನಿನ್ನಿ ಹದಿನೇಳರದ್ದು. ಈಕಿದು ಓ ಐತಿ. ಈಗರ ನಾನ ನೋಡಿ ಹಾಕೇನಿ."

"ಸೇವ್ ಆಗೇತಿ ಅಂತ ಬಂದಿತ್ತಲ್ಲ ತಂಗಿ?"

"ಬಂದಿತ್ರಿ. ನಿಮ್ಮ ಪ್ರೋಗ್ರಾಂ ನಿಮ್ಮಂಗ, ಬರೀ ಮಾತು. ಓಡ್ರಿ ಮದ್ಲ!"

ಓಡಿದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ರತ್ನವ್ವನ ಗಂಡ ಗಾಬರಿಯಿಂದ ಎದ್ದುನಿಂತ. "ಏನಾತ್ರಿ? ಆಕಿಗೆ ಏನರ ಆತೇನ್ರಿ?" ಅವನನ್ನು ದಾಟಿ ಬಾಗಿಲು ಬಡಿದು, ಈಗ ಬಂದ ವರದಿ ತಪ್ಪು ಎಂದು ಕೂಗಿದೆ. ಒಳಗಿಂದ ನರ್ಸ್ ಬಂದು, "ರಕ್ತ ಇನ್ನೂ ತರಿಸಿಲ್ರಿ" ಎಂದಾಗ ಆ ಕಾಗದವನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡೆ. ನಸೀಮಾ ಮತ್ತೆ ಪರೀಕ್ಷೆ ಮಾಡಿ ಕೈಯಲ್ಲೇ ಬರೆದುಕೊಟ್ಟಳು. ತಾಯಿ, ಮಗು ಇಬ್ಬರೂ ಕ್ಷೇಮ. ರಕ್ತ ಕೊಡುವ ಮುನ್ನ ಹೊಂದುತ್ತದೆಯೋ ಇಲ್ಲವೋ ನೋಡಿಯೇ ನೋಡುತ್ತಾರಂತೆ.

ಅಂದು ರಾತ್ರಿ ಆ ಪುಸ್ತಕದ ಪರಿವಿಡಿ ತೆರೆದೆ. ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸುವ ಅಧ್ಯಾಯವೇ ಆ ಹದಿನಾರು ಪುಟ. 'ಬರೆ' ಎಂದರೆ ಆಪರೇಟಿಂಗ್ ಸಿಸ್ಟಂ ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ; ಅಷ್ಟರಲ್ಲಿ ಕರೆಂಟ್ ಹೋದರೆ ಅದು ಅಳಿಸಿಹೋಗಿ ಡಿಸ್ಕಿನಲ್ಲಿ ಹಳೆಯದೇ ಉಳಿಯುತ್ತದೆ. ಡಿಸ್ಕಿಗೆ ಹಾಕು ಎಂದು 'ಎಫ್‌ಸಿಂಕ್' ಎಂಬ ಆದೇಶದ ಮೂಲಕ ಬೇರೆಯಾಗಿ ಹೇಳಬೇಕು. ಲಿನಕ್ಸ್ ಜೊತೆಗೇ ಪುಕ್ಕಟೆ ಬರುವ 'ಮ್ಯಾನ್ ಪೇಜು' ಎಂಬ ಕೈಪಿಡಿ ಪುಟಗಳಲ್ಲಿ ಇದೆಲ್ಲ ಇತ್ತು. ನಾನು ತೆರೆದೇ ಇರಲಿಲ್ಲ.

ನೀವೂ ಈ ಕೆಲಸ ಕಲಿಯಲು ಹೊರಟಿದ್ದರೆ ನಿಮಗೆ ಎರಡು ಪುಸ್ತಕ ಬೇಕು: ಆಪರೇಟಿಂಗ್ ಸಿಸ್ಟಂ ಒಳಗೆ ಏನು ನಡೆಯುತ್ತದೆ ಎಂಬುದಕ್ಕೊಂದು, ಲಿನಕ್ಸಿನಲ್ಲಿ ಅದರಿಂದ ಕೆಲಸ ಮಾಡಿಸಿಕೊಳ್ಳುವುದಕ್ಕೊಂದು. ಹಳೆಯದಾದರೂ ನಡೆದೀತು. ಚೌಕಾಸಿ ಧಾರಾಳವಾಗಿ ಮಾಡಿ, ಆದರೆ ಪುಟ ಎಣಿಸಿದ ಮೇಲೆ. ಕೆಲಸ ಅರ್ಧಕ್ಕೆ ಕೆಟ್ಟರೆ ಏನಾಗುತ್ತದೆ ಎಂದು ಹೇಳುವ ಭಾಗವನ್ನು ಅಂಗಡಿಯಲ್ಲೇ ನಿಂತು ಹುಡುಕಿ. ಅದಿಲ್ಲದಿದ್ದರೆ ವಾಪಸ್ ಇಡಿ. ಓದಿ ಬರೆದ ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಕೊಡುವ ಮುನ್ನ, ಅದು ಓಡುತ್ತಿರುವಾಗಲೇ ನಿಮ್ಮ ಕಂಪ್ಯೂಟರಿನ ಪ್ಲಗ್ಗನ್ನು ನೀವೇ ಕಿತ್ತು ನೋಡಿ.